ಕಾಲಿನ ಉಬ್ಬಿದ ನರಕ್ಕೆ ಇಂಜೆಕ್ಷನ್: ಮೊದಲು ಡಾಪ್ಲರ್ರೋ, ಮೊದಲು ಸೂಜಿಯೋ?

ಸೂಜಿಮೊನೆ
ಸ್ಕ್ಲೆರೋಥೆರಪಿ, ಅಂದ್ರೆ ಉಬ್ಬಿದ ರಕ್ತನಾಳಕ್ಕೆ ಔಷಧಿ ಚುಚ್ಚಿ ಮುಚ್ಚಿಸೋ ಕೆಲಸ, ಗೊತ್ತಿರೋರಿಗೆ ಮೂರು ಪ್ರಶ್ನೆ. ಒಂದು: ತೊಡೆಯ ಹೊರಮಗ್ಗುಲಲ್ಲಿ ಜೇಡರಬಲೆ ಥರ ಕೆಂಪು, ನೀಲಿ ಗೆರೆ ಇದೆ, ನೋವಿಲ್ಲ, ಊತ ಇಲ್ಲ. ಇಂಥವರಿಗೂ ಸೂಜಿಗೆ ಮುಂಚೆ ಡಾಪ್ಲರ್ ಸ್ಕ್ಯಾನ್ (ರಕ್ತ ಯಾವ ಕಡೆ ಹರೀತಿದೆ ಅಂತ ತೋರಿಸೋ ಅಲ್ಟ್ರಾಸೌಂಡ್) ಆಗಲೇಬೇಕು ಅಂತ ಕೆಲವರು, ಸುಮ್ನೆ ಖರ್ಚು ಅಂತ ಇನ್ನು ಕೆಲವರು. ಎರಡು: 3% ಪೊಲಿಡೊಕನಾಲ್ (ನಾಳ ಮುಚ್ಚಿಸೋ ಔಷಧಿ) ಆಂಪೂಲ್ ಒಡೆದು 0.5% ಮಾಡೋ ಲೆಕ್ಕ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ ಇದೆ. ಮೂರು: ಆಮೇಲೆ ಕಾಲಿಗೆ ಹಾಕೋ ಬಿಗಿ ಸ್ಟಾಕಿಂಗ್ ಎಷ್ಟು ದಿನ? ಮೂರು ದಿನ ಅಂತಾನೂ ಕೇಳಿದ್ದೀನಿ, ಮೂರು ವಾರ ಅಂತಾನೂ ಕೇಳಿದ್ದೀನಿ. "ಡಾಕ್ಟರನ್ನ ಕೇಳಿ" ಅನ್ನೋ ಉತ್ತರ ಬೇಡ. ಡಾಕ್ಟರು, ನರ್ಸುಗಳು, ಟೆಕ್ನಿಷಿಯನ್‌ಗಳು ಓದೋ ಜಾಗ ಇದು.

ಡಾಪ್ಲರ್_ಕೋಣೆ
ಮೊದಲನೇದಕ್ಕೆ ಹೇಳ್ತೀನಿ. ಚರ್ಮದ ಮೇಲೆ ಕಾಣೋದು ಗೋಡೆ ಮೇಲಿನ ತೇವ ಇದ್ದ ಹಾಗೆ. ನೀರು ಸೋರ್ತಿರೋ ಜಾಗ ಬೇರೆ ಎಲ್ಲೋ ಇರುತ್ತೆ. ತೊಡೆಸಂದಿಯಲ್ಲಿ ಗ್ರೇಟ್ ಸಫೀನಸ್ (ಕಾಲಿನ ಒಳಮಗ್ಗುಲಲ್ಲಿ ಚರ್ಮದಡಿ ಹೋಗೋ ಉದ್ದ ನಾಳ) ಆಳದ ನಾಳಕ್ಕೆ ಸೇರೋ ಕಡೆ ಕವಾಟ ಕೆಟ್ಟಿದ್ರೆ ಮೇಲಿನ ಒತ್ತಡ ಪೂರ್ತಿ ಕೆಳಗೆ ಇಳಿಯುತ್ತೆ. ಮೀನಖಂಡದ ಮೇಲಿನ ಗಂಟುಗಳಿಗೆ ಎಷ್ಟೇ ಸೂಜಿ ಹಾಕಿ, ವರ್ಷ ತುಂಬೋದ್ರೊಳಗೆ ಪಕ್ಕದಲ್ಲೇ ಹೊಸದು ಏಳುತ್ತೆ. ಆಮೇಲೆ "ಇಂಜೆಕ್ಷನ್ ಪ್ರಯೋಜನ ಇಲ್ಲ" ಅನ್ನೋ ಕೆಟ್ಟ ಹೆಸರು ಔಷಧಿಗೆ ಬರುತ್ತೆ.

ಸ್ಕ್ಯಾನ್ ಮಾಡೋ ರೀತಿಯಲ್ಲೇ ಅರ್ಧ ಕಡೆ ತಪ್ಪಾಗುತ್ತೆ. ಮಲಗಿಸಿ ನೋಡಿದ್ದು ಲೆಕ್ಕಕ್ಕಿಲ್ಲ. ರೋಗಿ ನಿಂತಿರಬೇಕು, ನೋಡೋ ಕಾಲನ್ನ ಸ್ವಲ್ಪ ಹೊರಗೆ ತಿರುಗಿಸಿ ಭಾರವನ್ನ ಇನ್ನೊಂದು ಕಾಲಿನ ಮೇಲೆ ಹಾಕಿರಬೇಕು. ಮೀನಖಂಡ ಹಿಂಡಿ ತಟ್ಟನೆ ಬಿಡಿ. ಹಿಂಡಿದಾಗ ರಕ್ತ ಮೇಲೆ ಹೋಗುತ್ತೆ, ಬಿಟ್ಟಾಗ ಕೆಳಗೆ ಬರಬಾರದು. ಮೇಲ್ಪದರದ ನಾಳದಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ವಾಪಸ್ ಹರಿದ್ರೆ ರಿಫ್ಲಕ್ಸ್. ತೊಡೆ, ಮಂಡಿ ಹಿಂದಿನ ಆಳದ ನಾಳದಲ್ಲಿ ಒಂದು ಸೆಕೆಂಡ್ ತನಕ ಬಿಟ್ಟುಕೊಡ್ತಾರೆ. ವರದಿಯಲ್ಲಿ ಬರೀ "ವೆರಿಕೋಸ್ ವೇಯ್ನ್ಸ್ ಇದೆ" ಅಂತ ಬರೆದು ಕಳಿಸಿದ್ರೆ ಆ ಕಾಗದದಿಂದ ಯಾರಿಗೂ ಉಪಯೋಗ ಇಲ್ಲ. ಯಾವ ನಾಳ, ಎಷ್ಟು ಮಿ.ಮೀ., ರಿಫ್ಲಕ್ಸ್ ಎಲ್ಲಿಂದ ಎಲ್ಲಿವರೆಗೆ, ಆಳದ ನಾಳ ತೆರೆದಿದೆಯಾ, ಹಳೇ ಹೆಪ್ಪು ಇದೆಯಾ, ಇಷ್ಟೂ ಇರಬೇಕು.

ಬಯಲುಸೀಮೆ
ಎರಡನೇ ಪ್ಯಾರಾ ಒಪ್ಪಿದೆ, ಮೊದಲನೇದು ಪೂರ್ತಿ ಒಪ್ಪಲ್ಲ. ಪ್ರಶ್ನೆ ಕೇಳಿದವರು ಹೇಳಿರೋದು ಸಿ1, ಅಂದ್ರೆ ನಾಳದ ರೋಗದ ಹಂತ ಹೇಳೋ ಸಿಇಎಪಿ ಪಟ್ಟಿಯಲ್ಲಿ ಸಣ್ಣ ಗೆರೆಗಳ ಹಂತ. ಒಂದು ಮಿ.ಮೀ.ಗಿಂತ ಸಣ್ಣ ಎಳೆ, ಜೊತೆಗೆ ಒಂದರಿಂದ ಮೂರು ಮಿ.ಮೀ. ರೆಟಿಕ್ಯುಲರ್. ತೊಡೆಯ ಹೊರಮಗ್ಗುಲಿನ ಬಲೆಗೆ ಸಾಮಾನ್ಯವಾಗಿ ಸಫೀನಸ್‌ಗೆ ಸಂಬಂಧವೇ ಇರಲ್ಲ, ಅಲ್ಲೇ ಪಕ್ಕದ ನೀಲಿ ರೆಟಿಕ್ಯುಲರ್ ನಾಳದಿಂದ ಬಂದಿರುತ್ತೆ. ಕಾಲು ಸರಿಯಾಗಿ ನೋಡಿ, ನಿಲ್ಲಿಸಿ ಮುಟ್ಟಿ, ಕೈಯಲ್ಲಿ ಹಿಡಿಯೋ ಪುಟ್ಟ ಡಾಪ್ಲರ್‌ನಿಂದ ತೊಡೆಸಂದಿ ಮತ್ತೆ ಮಂಡಿ ಹಿಂದೆ ಕೇಳಿ. ಅದು ಸ್ವಚ್ಛ ಇದ್ರೆ ಪೂರ್ತಿ ಸ್ಕ್ಯಾನ್ ಯಾಕೆ? ಹಳ್ಳಿಯಿಂದ ಬಸ್ ಹತ್ತಿ ಬರೋರಿಗೆ ಪ್ರತಿಯೊಂದು ಪರೀಕ್ಷೆಯೂ ಒಂದು ದಿನದ ಕೂಲಿ.

ಡಾಪ್ಲರ್_ಕೋಣೆ
@ಬಯಲುಸೀಮೆ ಹೊರಮಗ್ಗುಲಿಗೆ ಮಾತ್ರ ಒಪ್ತೀನಿ. ಆದ್ರೆ ಇವು ಇದ್ರೆ ಪೂರ್ತಿ ಸ್ಕ್ಯಾನ್ ಬಿಡೋ ಹಾಗಿಲ್ಲ: ಒಳತೊಡೆಯಲ್ಲಿ ಗೆರೆ, ಸಂಜೆ ಊತ, ರಾತ್ರಿ ಕಾಲು ಸೆಳೆತ, ಹಿಂದೆ ಸೂಜಿ ಹಾಕಿ ಮತ್ತೆ ಬಂದಿರೋದು, ಹಿಂದೆ ಕಾಲಲ್ಲಿ ಹೆಪ್ಪುಗಟ್ಟಿದ್ದು. ಇನ್ನೊಂದು ಎಲ್ಲರೂ ಮೋಸ ಹೋಗೋ ಜಾಗ: ಒಳಗಿನ ಹರಡಿನ (ಪಾದದ ಗಂಟಿನ) ಕೆಳಗೆ ಬೀಸಣಿಗೆ ಬಿಚ್ಚಿದ ಹಾಗೆ ಕಾಣೋ ಸಣ್ಣ ನೀಲಿ ಗೆರೆಗಳು. ನೋಡೋಕೆ ಸ್ಪೈಡರ್ ವೇಯ್ನ್, ನಿಜದಲ್ಲಿ ಕೊರೋನಾ ಫ್ಲೆಬೆಕ್ಟಾಟಿಕಾ. 2020ರ ಸಿಇಎಪಿ ಪರಿಷ್ಕರಣೆಯಲ್ಲಿ ಅದನ್ನ ಸಿ1ರಲ್ಲಿ ಇಟ್ಟಿಲ್ಲ, ಸಿ4ಸಿ ಅಂತ ಚರ್ಮ ಕೆಟ್ಟ ಹಂತಕ್ಕೆ ಸೇರಿಸಿದ್ದಾರೆ. ಹುಣ್ಣು ಆಗೋದಕ್ಕೆ ಮುಂಚಿನ ಎಚ್ಚರಿಕೆ ಗಂಟೆ ಅದು. ಅಲ್ಲಿ ಅಂದಕ್ಕೆ ಅಂತ ಸೂಜಿ ಹಾಕಿ ಕಳಿಸಿದ್ರೆ ರೋಗವನ್ನ ಮುಚ್ಚಿಟ್ಟ ಹಾಗೆ.

ಬಯಲುಸೀಮೆ
ಹರಡಿನ ಮಾತು ನೂರಕ್ಕೆ ನೂರು. ಅದು ನಾನು ಬರೆಯದೆ ಬಿಟ್ಟಿದ್ದೆ.

ಕಂಪೌಂಡರ್_ಮಾವ
ಲೆಕ್ಕ ಸುಲಭ. 3% ಅನ್ನು 0.5% ಮಾಡ್ಬೇಕು ಅಂದ್ರೆ ಆರು ಪಟ್ಟು. ಒಂದು ಮಿ.ಲೀ. ಔಷಧಿಗೆ ಆರು ಮಿ.ಲೀ. ನಾರ್ಮಲ್ ಸಲೈನ್.

ಔಷಧಿ_ಲೆಕ್ಕ
@ಕಂಪೌಂಡರ್_ಮಾವ ಅಲ್ಲೇ ತಪ್ಪಿದ್ದು ಮಾವ. ಆರು ಪಟ್ಟು ಅಂದ್ರೆ ಒಟ್ಟು ಆರು ಮಿ.ಲೀ. ಆಗ್ಬೇಕು. 1 ಮಿ.ಲೀ. ಔಷಧಿ, 5 ಮಿ.ಲೀ. ಸಲೈನ್. ನೀವು ಹೇಳಿದ ಹಾಗೆ ಬೆರೆಸಿದ್ರೆ 0.43% ಬರುತ್ತೆ. 1% ಬೇಕಾದ್ರೆ 2 ಮಿ.ಲೀ.ನ ಪೂರ್ತಿ ಆಂಪೂಲ್‌ಗೆ 4 ಮಿ.ಲೀ. 0.25% ಬೇಕಾದ್ರೆ 1 ಮಿ.ಲೀ.ಗೆ 11.

ಇನ್ನೂ ದೊಡ್ಡ ಎಡವಟ್ಟು ಬೇರೆ ಇದೆ. ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ (ಎಸ್‌ಟಿಎಸ್, ಇದೇ ಕೆಲಸದ ಇನ್ನೊಂದು ಔಷಧಿ) ಕೂಡ 3% ಆಂಪೂಲ್‌ನಲ್ಲೇ ಬರುತ್ತೆ. ಅಂಕಿ ಒಂದೇ ಅಂತ ಒಂದರ ಲೆಕ್ಕ ಇನ್ನೊಂದಕ್ಕೆ ಹಾಕ್ಬೇಡಿ. ಎಸ್‌ಟಿಎಸ್ ಅದೇ ಸಾಂದ್ರತೆಯಲ್ಲಿ ಎರಡು-ಮೂರು ಪಟ್ಟು ಖಾರ. ಎಳೆ ಗೆರೆಗೆ ಪೊಲಿಡೊಕನಾಲ್ 0.25ರಿಂದ 0.5% ಆದ್ರೆ ಎಸ್‌ಟಿಎಸ್ 0.1ರಿಂದ 0.2%. 0.2% ಅಂದ್ರೆ 1 ಮಿ.ಲೀ.ಗೆ 14 ಮಿ.ಲೀ. ಸಲೈನ್. ಸಿರಿಂಜ್ ಮೇಲೆ ಔಷಧಿ ಹೆಸರು, ಶೇಕಡಾ ಎರಡೂ ಬರೆದು ಅಂಟಿಸದೆ ಟ್ರೇಗೆ ಇಡಬಾರದು. ಬೆರೆಸಿದ ಮೇಲೆ ನೋಡೋಕೆ ಎಲ್ಲವೂ ನೀರಿನ ಥರ ಒಂದೇ.

ಕಂಪೌಂಡರ್_ಮಾವ
ಹೌದು, ತಪ್ಪಾಯ್ತು. 1ಕ್ಕೆ 5. ಮೇಲಿನದನ್ನ ಯಾರೂ ಬರ್ಕೋಬೇಡಿ.

ಸೂಜಿಮೊನೆ
ಒಂದು ದಿನಕ್ಕೆ ಗರಿಷ್ಠ ಎಷ್ಟು?

ಔಷಧಿ_ಲೆಕ್ಕ
ಪೊಲಿಡೊಕನಾಲ್ ಆದ್ರೆ ಒಂದು ಕಿಲೋ ತೂಕಕ್ಕೆ 2 ಮಿ.ಗ್ರಾಂ. 60 ಕಿಲೋ ಇದ್ರೆ 120 ಮಿ.ಗ್ರಾಂ. 1% ದ್ರಾವಣದ ಒಂದು ಮಿ.ಲೀ.ನಲ್ಲಿ 10 ಮಿ.ಗ್ರಾಂ. ಇರುತ್ತೆ, ಅಲ್ಲಿಗೆ 12 ಮಿ.ಲೀ. 3% ಆದ್ರೆ ಬರೀ 4 ಮಿ.ಲೀ.ಗೇ ಮಿತಿ ಮುಟ್ಟಿತು. ಫೋಮ್‌ಗೆ, ಅಂದ್ರೆ ಔಷಧಿಯನ್ನ ಗಾಳಿ ಜೊತೆ ಕಲಸಿ ಮಾಡೋ ನೊರೆಗೆ, ಇನ್ನೊಂದು ಮಿತಿ ಇದೆ, ಔಷಧಿ ಎಷ್ಟೇ ಉಳಿದಿರಲಿ ಒಂದು ಸಲಕ್ಕೆ ಒಟ್ಟು ನೊರೆ 10 ಮಿ.ಲೀ. ದಾಟಿಸಬೇಡಿ. ಅದು ಗಾಳಿಯ ಕಾರಣಕ್ಕೆ.

ತುಂಗಾತೀರ
ಸೂಜಿ ಹಾಕೋ ವಿಧಾನ ಯಾರೂ ಬರೆದಿಲ್ಲ, ನಾನು ಬರೀತೀನಿ. ಫಲಿತಾಂಶ ಅರ್ಧ ಔಷಧಿಯಲ್ಲಿ, ಅರ್ಧ ಕೈಯಲ್ಲಿ.

ನಿಲ್ಲಿಸಿ ಮಾರ್ಕರ್‌ನಿಂದ ಗುರುತು ಮಾಡಿ, ಯಾಕಂದ್ರೆ ಮಲಗಿದ ಮೇಲೆ ಅರ್ಧ ನಾಳ ಮಾಯ ಆಗಿರುತ್ತೆ. ಸೂಜಿ ಯಾವತ್ತೂ ಮಲಗಿಸಿಯೇ. ನಿಂತವರು ತಲೆ ಸುತ್ತಿ ಬೀಳ್ತಾರೆ, ನಾಳವೂ ರಕ್ತ ತುಂಬಿ ಔಷಧಿಯನ್ನ ತೆಳು ಮಾಡುತ್ತೆ. ದೊಡ್ಡದರಿಂದ ಸಣ್ಣದಕ್ಕೆ, ಮೇಲಿಂದ ಕೆಳಕ್ಕೆ. ಅಂದ್ರೆ ಮೊದಲು ನೀಲಿ ರೆಟಿಕ್ಯುಲರ್, ಆಮೇಲೆ ಕೆಂಪು ಎಳೆ. ಎಷ್ಟೋ ಸಲ ರೆಟಿಕ್ಯುಲರ್‌ಗೆ ಹಾಕಿದ ಔಷಧಿಯೇ ಎಳೆಗಳೊಳಗೆ ಓಡಿ ಹೋಗುತ್ತೆ, ಅವಕ್ಕೆ ಪ್ರತ್ಯೇಕ ಚುಚ್ಚೋದೇ ಬೇಕಾಗಲ್ಲ.

30 ಗೇಜ್, ಅರ್ಧ ಇಂಚಿನ ಸೂಜಿ. ಅದರ ಬುಡವನ್ನ ಮುಚ್ಚಳದಿಂದ ಒತ್ತಿ ಸ್ವಲ್ಪ ಬಾಗಿಸಿಕೊಂಡ್ರೆ ಚರ್ಮಕ್ಕೆ ಸಮಾನಾಂತರವಾಗಿ ಹೋಗುತ್ತೆ. ಮೂತಿಯ ಓರೆ ಭಾಗ ಮೇಲೆ. ಎಡಗೈಯ ಎರಡು ಬೆರಳಿಂದ ಚರ್ಮ ಬಿಗಿ ಹಿಡೀರಿ, ಬಲಗೈಯನ್ನ ರೋಗಿ ಕಾಲಿನ ಮೇಲೇ ಊರಿ, ಗಾಳಿಯಲ್ಲಿ ತೇಲಿಸಬೇಡಿ. ಒಳಗೆ ಹೋಗಿದೆ ಅಂತ ಗೊತ್ತಾಗೋದು ಕಣ್ಣಿಂದ: ಪಿಸ್ಟನ್ ಕೂದಲೆಳೆ ಒತ್ತಿದ ಕೂಡಲೇ ಕೆಂಪು ದಾರ ಒಂದು ತುದಿಯಿಂದ ಬಿಳಿಯಾಗ್ತಾ ಕೊಂಬೆ ಕೊಂಬೆಗೂ ಅಳಿಸಿಹೋಗುತ್ತೆ, ಸ್ಲೇಟಿನ ಮೇಲೆ ಒದ್ದೆ ಬೆರಳು ಎಳೆದ ಹಾಗೆ. ಬಿಳುಪು ಎರಡು ಸೆಂ.ಮೀ. ಅಗಲ ಹರಡಿದ್ರೆ ಅಲ್ಲಿಗೆ ನಿಲ್ಲಿಸಿ. ಒಂದು ಜಾಗಕ್ಕೆ 0.1ರಿಂದ 0.3 ಮಿ.ಲೀ. ಸಾಕು. ನಿಧಾನ, ತುಂಬಾ ನಿಧಾನ.

ಅಳಿಸೋ ಬದಲು ಚರ್ಮದ ಮೇಲೆ ಪುಟ್ಟ ಗುಳ್ಳೆ ಎದ್ರೆ ಹೊರಗೆ ಸೋರಿದೆ. ಪಿಸ್ಟನ್ ಬಿಡಿ, ಸೂಜಿ ತೆಗೀರಿ, ಒತ್ತಿ ನೀವಿ. ಸಾಂದ್ರತೆ ಹೆಚ್ಚಿದ್ದರೆ ಸುತ್ತ ಸಲೈನ್ ಹಾಕಿ ತೆಳು ಮಾಡಿ. ಪಿಂಗಾಣಿ ಥರ ಬಿಳಿ ಮಚ್ಚೆ ಹೋಗದೆ ನಿಂತ್ರೆ ಸಣ್ಣ ಧಮನಿ ಮುದುಡಿಕೊಂಡಿದೆ ಅಂತ ಅರ್ಥ. ನೀವ್ತಾ ಇರಿ, 2% ನೈಟ್ರೋಗ್ಲಿಸರಿನ್ ಮುಲಾಮು ಇಟ್ಟುಕೊಂಡಿರೋರು ಹಚ್ತಾರೆ. ಅದನ್ನ ಕಡೆಗಣಿಸಿದ್ರೆ ವಾರ ಕಳೆಯೋದ್ರೊಳಗೆ ಅಲ್ಲೇ ಹುಣ್ಣು.

ಗಿರಣಿಚಾಳ
ಇಷ್ಟೆಲ್ಲಾ ಔಷಧಿ ಯಾಕ್ರೀ? ಹೈಪರ್‌ಟಾನಿಕ್ ಸಲೈನ್ ಅದ ಅಲ್ಲ. ಉಪ್ಪು ನೀರು, ಅಲರ್ಜಿ ಅನ್ನೋ ಮಾತಿಲ್ಲ, ಅಗ್ಗ. ಹಿಂದ ಎಷ್ಟ ಮಂದಿ ಅದರಾಗ ಕೆಲಸ ಮಾಡ್ಯಾರ.

ತುಂಗಾತೀರ
ಅಲರ್ಜಿ ಇಲ್ಲ ಅನ್ನೋದು ನಿಜ. ಉಳಿದದ್ದು? ಅದಕ್ಕೆ ಬೇಕಾಗೋದು 23.4% ಅಥವಾ ಅದರ ಅರ್ಧ 11.7%. ಐಸಿಯುನಲ್ಲಿ ಸಿಗೋ 3% ಅಲ್ಲ. ಚುಚ್ಚಿದ ಕೂಡಲೇ ಉರಿ, ಮೀನಖಂಡ ಹಿಡಿದುಕೊಳ್ಳುತ್ತೆ. ಒಂದು ಹನಿ ಹೊರಗೆ ಸೋರಿದ್ರೆ ಚರ್ಮ ಸಾಯುತ್ತೆ. ಪೊಲಿಡೊಕನಾಲ್ ಹುಟ್ಟಿದ್ದೇ ಮರಗಟ್ಟಿಸೋ ಔಷಧಿಯಾಗಿ, ಅದಕ್ಕೇ ನೋವು ಕಡಿಮೆ. ತೆಳು ಸಾಂದ್ರತೆಯಲ್ಲಿ ಸ್ವಲ್ಪ ಸೋರಿದ್ರೂ ಚರ್ಮ ಸಾಮಾನ್ಯವಾಗಿ ತಡ್ಕೊಳ್ಳುತ್ತೆ. ಅಮೆರಿಕದ ಎಫ್‌ಡಿಎ 2010ರಲ್ಲಿ ಒಪ್ಪಿಗೆ ಕೊಟ್ಟಿದ್ದೂ ಇದೇ ಎರಡು ಸಾಂದ್ರತೆಗೆ: ಸ್ಪೈಡರ್‌ಗೆ 0.5%, ರೆಟಿಕ್ಯುಲರ್‌ಗೆ 1%.

ಗಿರಣಿಚಾಳ
ಸೋರಿದ್ರ ಸುಡ್ತದ ಅನ್ನೋದು ಖರೆ. ಆದ್ರ ಆಂಪೂಲ್ ಸಿಗದ ಊರಾಗ ಏನ್ ಮಾಡೂದು?

ಬಯಲುಸೀಮೆ
ಸಿಗೋವರೆಗೆ ಕಾಯೋದು ರೀ. ಸ್ಪೈಡರ್ ವೇಯ್ನ್ ಯಾರಿಗೂ ತುರ್ತಲ್ಲ.

ಮುಂಗಾರುಮೋಡ
ಫೋಮ್ ಬಗ್ಗೆ ಬರೀರಿ ಯಾರಾದ್ರೂ. ಎರಡು ಸಿರಿಂಜ್ ಮಧ್ಯೆ ಮೂರು ದಾರಿಯ ಸ್ಟಾಪ್‌ಕಾಕ್ (ಪುಟ್ಟ ನಲ್ಲಿ) ಇಟ್ಟು ಅಲ್ಲಾಡಿಸೋದು ಗೊತ್ತು, ಆದ್ರೆ ಒಬ್ಬರಿಗೆ ಗಟ್ಟಿ ನೊರೆ ಬರುತ್ತೆ, ಇನ್ನೊಬ್ಬರಿಗೆ ನೀರು ನೀರು.

ನೊರೆಹಾಲು
ಇದು ತೆಸ್ಸಾರಿ ವಿಧಾನ, ಇಟಲಿಯವರದು, 2000ರಲ್ಲಿ ಪ್ರಕಟವಾಯ್ತು. ಒಂದು ಸಿರಿಂಜ್‌ನಲ್ಲಿ 1 ಮಿ.ಲೀ. ಔಷಧಿ, ಇನ್ನೊಂದರಲ್ಲಿ 4 ಮಿ.ಲೀ. ಗಾಳಿ. ಆ ಕಡೆಯಿಂದ ಈ ಕಡೆಗೆ ಇಪ್ಪತ್ತು ಸಲ, ರಭಸವಾಗಿ. ಕೊನೇ ಹತ್ತು ಸಲ ಸ್ಟಾಪ್‌ಕಾಕ್ ಕಿವಿಯನ್ನ ಸ್ವಲ್ಪ ತಿರುಗಿಸಿ ದಾರಿ ಕಿರಿದು ಮಾಡಿದ್ರೆ ಗುಳ್ಳೆ ಸಣ್ಣ ಆಗುತ್ತೆ. ಆಗ ಕೈಗೆ ಬಿಗಿ ಗೊತ್ತಾಗುತ್ತೆ, ಚರ್‌ಚರ್ ಸದ್ದು ಬರುತ್ತೆ. ಸರಿಯಾದ ನೊರೆ ಅಂದ್ರೆ ಬರಿಗಣ್ಣಿಗೆ ಒಂದೂ ಗುಳ್ಳೆ ಕಾಣಬಾರದು, ಶೇವಿಂಗ್ ಕ್ರೀಮ್ ಥರ ಬೆಳ್ಳಗೆ ನಿಲ್ಲಬೇಕು.

ನೀರಾಗೋದಕ್ಕೆ ಕಾರಣ ಮೂರು. ಗಾಳಿ ಜಾಸ್ತಿ ಎಳ್ಕೊಂಡಿರ್ತಾರೆ. ಔಷಧಿ ತೀರಾ ತೆಳು, 0.25% ನೊರೆ ಬೇಗ ಕುಸಿಯುತ್ತೆ. ಮೂರನೇದು ಸಿರಿಂಜ್ ಒಳಗಿನ ಸಿಲಿಕೋನ್ ಜಿಡ್ಡು, ಅದು ಗುಳ್ಳೆ ಒಡೆಯುತ್ತೆ. ಸಿಲಿಕೋನ್ ಇಲ್ಲದ ಸಿರಿಂಜ್ ಸಿಕ್ಕರೆ ನೊರೆ ಹೆಚ್ಚು ಹೊತ್ತು ನಿಲ್ಲುತ್ತೆ. ಏನೇ ಆದ್ರೂ ಒಂದೆರಡು ನಿಮಿಷದಲ್ಲಿ ತಳದಲ್ಲಿ ನೀರು ಕೂರೋಕೆ ಶುರು. ಅದಕ್ಕೇ ಮೊದಲು ನಾಳದೊಳಗೆ ಸೂಜಿ ಇಟ್ಟು, ರಕ್ತ ವಾಪಸ್ ಬಂದದ್ದು ನೋಡಿ, ಆಮೇಲೆ ನೊರೆ ಮಾಡ್ಬೇಕು. ನೊರೆ ಮಾಡಿಟ್ಟು ನಾಳ ಹುಡುಕೋದಲ್ಲ. ಐದು ನಿಮಿಷದ ಹಿಂದಿನ ನೊರೆಯನ್ನ ಇನ್ನೊಂದು ಸಲ ಅಲ್ಲಾಡಿಸಿ ಹಾಕೋದೂ ಬೇಡ, ಹೊಸದು ಮಾಡಿ.

ನೊರೆ ಯಾಕೆ ಬೇಕು ಅಂದ್ರೆ, ಈ ಔಷಧಿಗಳು ಸಾಬೂನಿನ ಜಾತಿ. ನಾಳದ ಒಳಪದರವನ್ನ ಕರಗಿಸ್ತವೆ. ಆದ್ರೆ ರಕ್ತದ ಪ್ರೋಟೀನ್ ಅಂಟಿದ ಕೂಡಲೇ ಶಕ್ತಿ ಕಳ್ಕೊಳ್ತವೆ. ದಪ್ಪ ನಾಳದಲ್ಲಿ ದ್ರವ ಹಾಕಿದ್ರೆ ರಕ್ತದಲ್ಲಿ ಬೆರೆತು ಹೋಯ್ತು. ನೊರೆ ರಕ್ತವನ್ನ ತಳ್ಳಿ ತಾನೇ ಜಾಗ ಹಿಡಿಯುತ್ತೆ, ಗೋಡೆಗೆ ಅಂಟುತ್ತೆ, ಸ್ಕ್ಯಾನ್‌ನಲ್ಲಿ ಬೆಳ್ಳಗೆ ಹೊಳೆದು ಎಲ್ಲಿಗೆ ಹೋಗ್ತಿದೆ ಅಂತ ತೋರಿಸುತ್ತೆ. ಸಣ್ಣ ಎಳೆಗೆ ನೊರೆ ಬೇಡ, ದ್ರವ ಸಾಕು. ಎಳೆಗೆ ನೊರೆ ಹಾಕಿದ್ರೆ ಕಲೆಯೂ ಜಾಸ್ತಿ, ಮ್ಯಾಟಿಂಗೂ (ಸುತ್ತ ತೀರಾ ಸಣ್ಣ ಕೆಂಪು ಎಳೆ ಏಳೋದು) ಜಾಸ್ತಿ.

ಮುಂಗಾರುಮೋಡ
ಗಾಳಿ ರಕ್ತಕ್ಕೆ ಹೋದ್ರೆ ಅಪಾಯ ಅಂತ ಚಿಕ್ಕಂದಿನಿಂದ ಕೇಳಿದ್ದೀವಲ್ಲ, ಇಲ್ಲಿ ಬೇಕಂತಲೇ ಹಾಕ್ತಾರೆ?

ಡಾಪ್ಲರ್_ಕೋಣೆ
ಪ್ರಶ್ನೆ ಸರಿಯಾಗಿದೆ, ಭಯ ಪೂರ್ತಿ ಸುಳ್ಳಲ್ಲ. ಸಣ್ಣ ಗುಳ್ಳೆಗಳು ಹೃದಯದ ಬಲಭಾಗಕ್ಕೆ ಬಂದು ಶ್ವಾಸಕೋಶದಲ್ಲಿ ಸೋಸಿಹೋಗ್ತವೆ. ಆದ್ರೆ ನಾಲ್ಕು ಜನರಲ್ಲಿ ಒಬ್ಬರಿಗೆ ಹೃದಯದ ಮೇಲ್ಕೋಣೆಗಳ ಮಧ್ಯೆ ಹುಟ್ಟಿದಾಗಿನ ಸಣ್ಣ ಕಿಂಡಿ ಮುಚ್ಚದೆ ಉಳಿದಿರುತ್ತೆ. ಅಲ್ಲಿಂದ ಗುಳ್ಳೆ ಎಡಕ್ಕೆ ದಾಟಿದ್ರೆ ಕಣ್ಣು ಮಂಜಾಗೋದು, ಮೈಗ್ರೇನ್ ಥರ ಮಿಂಚು ಕಾಣೋದು ಆಗುತ್ತೆ. ಹೆಚ್ಚಿನವರಿಗೆ ಸ್ವಲ್ಪ ಹೊತ್ತಲ್ಲೇ ತಾನಾಗಿ ಸರಿಹೋಗುತ್ತೆ. ಪಾರ್ಶ್ವವಾಯು ಆದ ಉದಾಹರಣೆ ತೀರಾ ಅಪರೂಪ, ಆದ್ರೆ ಇದೆ. ಕಿಂಡಿ ಇದ್ದು ಅದರಿಂದ ತೊಂದರೆ ಆಗಿದೆ ಅಂತ ಗೊತ್ತಿರೋರಿಗೆ ಫೋಮ್ ಬೇಡವೇ ಬೇಡ. ಮೈಗ್ರೇನ್ ಇರೋರನ್ನ ಮೊದಲೇ ಕೇಳಿ ಬರೆದುಕೊಳ್ಳಿ.

ನೊರೆ ಹಾಕಿದ ಮೇಲೆ ಐದು ನಿಮಿಷ ಅಲ್ಲಾಡದೆ ಮಲಗಿರಲಿ, ಎದ್ದು ಕೂರೋದು, ಜೋರಾಗಿ ಕೆಮ್ಮೋದು ಬೇಡ. ಪಾದವನ್ನ ಮಾತ್ರ ಮೇಲೆ ಕೆಳಗೆ ಮಾಡಿಸಿ. ಅದರಿಂದ ಆಳದ ನಾಳಕ್ಕೆ ಇಳಿದ ಔಷಧಿ ತೊಳೆದು ಹೋಗುತ್ತೆ.

ಅಚ್ಚಗನ್ನಡಿಗ
ವಿಷಯ ಬಿಟ್ಟು ಒಂದು ಮಾತು. ತಲೆಬರಹದಲ್ಲಿ "ನರ" ಅಂತ ಬರೆದಿದ್ದೀರಿ. ನರ ಅಂದ್ರೆ ನರ್ವ್. ಇದು ರಕ್ತನಾಳ, ಪುಸ್ತಕದಲ್ಲಿ ಅಭಿಧಮನಿ.

ಕಂಪೌಂಡರ್_ಮಾವ
ಪುಸ್ತಕದಲ್ಲಿ ಇರಲಿ ಸ್ವಾಮಿ. ಕೈಗೆ ಡ್ರಿಪ್ ಹಾಕುವಾಗ "ನರ ಸಿಗ್ತಿಲ್ಲ" ಅಂತ ಊರಿಗೆ ಊರೇ ಅನ್ನುತ್ತೆ. "ಅಭಿಧಮನಿ ಸಿಗ್ತಿಲ್ಲ" ಅಂದ್ರೆ ರೋಗಿ ಗಾಬರಿ ಆಗ್ತಾನೆ.

ತುಂಗಾತೀರ
ಇಬ್ಬರೂ ಸರಿ, ಆದ್ರೆ ಈ ಒಂದು ಪದದಿಂದ ನಿಜವಾದ ತೊಂದರೆ ಇದೆ. "ನರಕ್ಕೆ ಇಂಜೆಕ್ಷನ್ ಹಾಕಿ ಸಾಯಿಸ್ತಾರೆ" ಅಂದ ಕೂಡಲೇ "ಕಾಲಿನ ಶಕ್ತಿ ಹೋಗುತ್ತೆ, ಸ್ಪರ್ಶ ಹೋಗುತ್ತೆ" ಅಂತ ಹೆದರಿ ಎಷ್ಟೋ ಜನ ಬರೋದೇ ಇಲ್ಲ. ಕೆಲವರು ನರರೋಗ ತಜ್ಞರ ಸಾಲಲ್ಲಿ ಕೂತು ದಿನ ಕಳೀತಾರೆ. ಒಪ್ಪಿಗೆ ಪತ್ರ ಓದಿ ಹೇಳುವಾಗ "ಕೆಟ್ಟ ರಕ್ತದ ಕೊಳವೆ ಮುಚ್ಚುತ್ತೆ, ರಕ್ತ ಆಳದ ಒಳ್ಳೇ ಕೊಳವೆಯಲ್ಲಿ ಹೋಗುತ್ತೆ" ಅಂತ ಬಿಡಿಸಿ ಹೇಳಿ. "ಹಾಗಾದ್ರೆ ರಕ್ತ ಎಲ್ಲಿ ಹೋಗುತ್ತೆ?" ಅನ್ನೋದೇ ಅವರ ಮೊದಲನೇ ಪ್ರಶ್ನೆ. ಕಾಲಿನ ರಕ್ತದ ಬಹುಪಾಲು ವಾಪಸ್ ಹೋಗೋದು ಆಳದ ನಾಳದಲ್ಲೇ, ಶೇಕಡಾ 90ರಷ್ಟು.

ಸೂಜಿಮೊನೆ
ಸ್ಟಾಕಿಂಗ್ ಪ್ರಶ್ನೆ ಹಾಗೇ ಉಳೀತು.

ಪಟ್ಟಿಕಟ್ಟು
ನಾನು ಹೇಳ್ತೀನಿ. ದಿನಗಳ ವಿಷಯದಲ್ಲಿ ಒಮ್ಮತ ಇಲ್ಲ, ಅದಕ್ಕೇ ಒಬ್ಬೊಬ್ಬರು ಒಂದೊಂದು ಹೇಳೋದು. ನಡೆಯೋ ರೂಢಿ ಹೀಗಿದೆ: ಬರೀ ಸ್ಪೈಡರ್ ಆದ್ರೆ ಕೆಲವು ದಿನದಿಂದ ಒಂದು ವಾರ, ರೆಟಿಕ್ಯುಲರ್‌ಗೆ ಒಂದೆರಡು ವಾರ, ದಪ್ಪ ನಾಳಕ್ಕೆ ಫೋಮ್ ಆಗಿದ್ರೆ ಎರಡು-ಮೂರು ವಾರ ಹಗಲು ಹೊತ್ತು. ಮೊದಲ ರಾತ್ರಿ ಬಿಚ್ಚಬೇಡಿ ಅಂತ ಹೆಚ್ಚಿನವರು ಹೇಳ್ತಾರೆ. ಕ್ಲಾಸ್ 2, ಅಂದ್ರೆ ಹರಡಿನ ಹತ್ತಿರ 23ರಿಂದ 32 ಮಿ.ಮೀ. ಪಾದರಸದ ಒತ್ತಡ. ಸ್ಪೈಡರ್‌ಗೆ ಕ್ಲಾಸ್ 1 ಹಾಕಿದ್ರೂ ನಡೆಯುತ್ತೆ.

ದಿನಕ್ಕಿಂತ ಅಳತೆ ಮುಖ್ಯ. ಬೆಳಿಗ್ಗೆ, ಊತ ಇಲ್ಲದಾಗ ಅಳೆಯಿರಿ. ಹರಡಿನ ಮೇಲೆ ಅತಿ ಸಣ್ಣ ಜಾಗ, ಮೀನಖಂಡದ ಅತಿ ದಪ್ಪ ಜಾಗ, ತೊಡೆವರೆಗಿನದಾದ್ರೆ ತೊಡೆ ಸುತ್ತಳತೆ. ಅಂಗಡಿಯಲ್ಲಿ "ಮೀಡಿಯಂ ಕೊಡಿ" ಅಂತ ತಂದದ್ದು ಮಂಡಿ ಹಿಂದೆ ಮಡಚಿಕೊಂಡು ಅಲ್ಲೇ ದಾರ ಕಟ್ಟಿದ ಹಾಗೆ ಬಿಗಿಯುತ್ತೆ. ಹಾಕೋಕೂ ಕ್ರಮ ಇದೆ: ಹಾಸಿಗೆಯಿಂದ ಕಾಲು ಇಳಿಸೋ ಮುಂಚೆ, ಒಳಗೆ ಕೈ ಹಾಕಿ ಹಿಮ್ಮಡಿ ಹಿಡಿದು ಹಿಮ್ಮಡಿವರೆಗೆ ಒಳಹೊರಗೆ ಮಾಡಿ, ಪಾದ ತೂರಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಮೇಲಕ್ಕೆ. ಪಾತ್ರೆ ತೊಳೆಯೋ ರಬ್ಬರ್ ಗ್ಲೌಸ್ ಹಾಕ್ಕೊಂಡ್ರೆ ಹಿಡಿತ ಸಿಗುತ್ತೆ. ಅಂಚು ಹಿಡಿದು ಎಳೆದ್ರೆ ಹರಿಯುತ್ತೆ. ಅಂಚನ್ನ ಮಡಚಲೇಬಾರದು.

ಮಧುಮೇಹ, ಬೀಡಿ ಸಿಗರೇಟು ಅಭ್ಯಾಸ, ವಯಸ್ಸಾದವರು ಬಂದ್ರೆ ಮೊದಲು ಪಾದದ ನಾಡಿ ಮುಟ್ಟಿ. ಹರಡಿನ ಬಿಪಿಯನ್ನ ತೋಳಿನ ಬಿಪಿಯಿಂದ ಭಾಗಿಸಿದ್ದು 0.5ಕ್ಕಿಂತ ಕಡಿಮೆ ಇದ್ರೆ ಬಿಗಿ ಸ್ಟಾಕಿಂಗ್ ಹಾಕಿದ ಕಾಲು ಕೊಳೆಯುತ್ತೆ. 0.8ಕ್ಕಿಂತ ಕಡಿಮೆ ಇದ್ರೂ ಕ್ಲಾಸ್ 2 ಕೊಡೋ ಮುಂಚೆ ಯೋಚಿಸಿ. ಮಧುಮೇಹದವರಲ್ಲಿ ಧಮನಿ ಗಟ್ಟಿಯಾಗಿ ಅಂಕಿ ಸುಳ್ಳುಸುಳ್ಳೇ ಚೆನ್ನಾಗಿ ಬರುತ್ತೆ, ಅದನ್ನೂ ನೆನಪಿಡಿ.

ಗಿರಣಿಚಾಳ
ಕಲಬುರಗಿ, ರಾಯಚೂರ ಕಡೆ ಏಪ್ರಿಲ್-ಮೇದಾಗ ಇದನ್ನ ಹಾಕ್ಕೊಂಡು ಹೊರಗ ಹೋಗೂದು ಆಗೂ ಮಾತಲ್ರೀ. ಮಂದಿ ಎರಡನೇ ದಿನಾನೇ ತೆಗೆದು ಒಗೀತಾರ.

ಪಟ್ಟಿಕಟ್ಟು
ನಿಜ ರೀ. ಅದಕ್ಕೇ ತುರ್ತಿಲ್ಲದವರಿಗೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ದಿನ ಕೊಡಿ. ಬಿಸಿಲು ಇನ್ನೊಂದು ಕಾರಣ, ಸೂಜಿ ಹಾಕಿದ ಜಾಗಕ್ಕೆ ಬಿಸಿಲು ತಾಗಿದ್ರೆ ಕಲೆ ಗಾಢ ಆಗುತ್ತೆ. ಮಂಡಿ ಕೆಳಗಿನ ಸ್ಟಾಕಿಂಗ್ ಸಾಕಾಗೋ ಕಡೆ ತೊಡೆಯದ್ದು ಬರೆಯಬೇಡಿ, ಜನ ಹಾಕೋ ಸಾಧ್ಯತೆ ಹೆಚ್ಚು. ಕ್ರೇಪ್ ಬ್ಯಾಂಡೇಜ್ ಮಾತ್ರ ನಂಬಬೇಡಿ, ನಾಲ್ಕು ಹೆಜ್ಜೆ ನಡೆದ್ರೆ ಸಡಿಲ.

ಕರಾವಳಿಗಾಳಿ
ದುಬೈ, ಕತಾರ್‌ನಿಂದ ರಜೆಗೆ ಬರೋರು "ಮೂರು ವಾರ ಇರ್ತೇನೆ, ಅಷ್ಟರಲ್ಲಿ ಮುಗಿಸಿ ಕೊಡಿ" ಅಂತಾರೆ ಮಾರಾಯ್ರೆ. ಮಾಡಬಹುದಾ?

ಬಯಲುಸೀಮೆ
ರಜೆಯ ಮೊದಲ ದಿನವೇ ಬಂದ್ರೆ ಸ್ಪೈಡರ್‌ನ ಒಂದು ಸುತ್ತು ಮಾಡಬಹುದು. "ಮುಗಿಸಿ ಕೊಡಿ" ಆಗಲ್ಲ. ಒಂದು ಸುತ್ತಿಗೂ ಇನ್ನೊಂದಕ್ಕೂ ನಾಲ್ಕರಿಂದ ಆರು ವಾರ ಬಿಡಬೇಕು, ಸಾಮಾನ್ಯವಾಗಿ ಎರಡು-ಮೂರು ಸುತ್ತು ಬೇಕಾಗುತ್ತೆ. ದಪ್ಪ ನಾಳಕ್ಕೆ ಫೋಮ್ ಹಾಕಿ ಮರುವಾರ ವಿಮಾನ ಹತ್ತಿಸೋದು ತಪ್ಪು. ಉದ್ದ ಪ್ರಯಾಣಕ್ಕೆ ನಾಲ್ಕು ವಾರ ಬಿಡಿ ಅಂತ ಹೆಚ್ಚಿನವರು ಹೇಳೋದು. ದುಬೈ ನಾಲ್ಕು ಗಂಟೆ, ಅಮೆರಿಕ ಆದ್ರೆ ಹದಿನಾರು ಗಂಟೆ ಮಡಚಿದ ಕಾಲು. ಬಾಣಂತಿಯರಿಗೂ ಇದೇ ಮಾತು, ಹೆರಿಗೆ ಆದ ಮೇಲೆ ಕೆಲವು ತಿಂಗಳು ಕಾಯಿರಿ, ಅರ್ಧ ಗೆರೆ ತಾನಾಗಿ ಇಳಿದಿರುತ್ತೆ. ಬಸುರಿಯಲ್ಲಿ ಸೂಜಿ ಬೇಡ.

ಮುಂಗಾರುಮೋಡ
ಹಾಕಿಸ್ಕೊಂಡು ಎರಡು ವಾರಕ್ಕೆ ಗಂಟು ಗಟ್ಟಿಯಾಗಿ ಹಗ್ಗದ ಥರ ಸಿಗುತ್ತೆ, ಮುಟ್ಟಿದ್ರೆ ನೋವು, ಮೇಲೆ ಕಂದು ಕಲೆ. "ಹಾಳು ಮಾಡಿಬಿಟ್ರು" ಅಂತ ಜಗಳಕ್ಕೆ ಬರ್ತಾರೆ. ಏನು ಹೇಳೋದು?

ತುಂಗಾತೀರ
ಜಗಳಕ್ಕೆ ಬರೋದು ಮೊದಲೇ ಹೇಳದೆ ಇದ್ದಿದ್ದಕ್ಕೆ. ಹಗ್ಗದ ಥರ ಆಗೋದೇ ಔಷಧಿ ಕೆಲಸ ಮಾಡಿದ ಗುರುತು. ಆದ್ರೆ ಅದರೊಳಗೆ ರಕ್ತ ಸಿಕ್ಕಿಹಾಕ್ಕೊಂಡಿದ್ರೆ ನೋವೂ ಇರುತ್ತೆ, ಕಲೆಯೂ ನಿಲ್ಲುತ್ತೆ. ಎರಡು ವಾರದ ಹೊತ್ತಿಗೆ ಅದನ್ನ ತೆಗೆದುಬಿಡಿ. ಸ್ಪಿರಿಟ್ ಒರೆಸಿ, ಮರಗಟ್ಟಿಸೋಕೆ ಸ್ವಲ್ಪ ಲಿಗ್ನೋಕೇನ್, 18ರಿಂದ 21 ಗೇಜ್ ಸೂಜಿಯಿಂದ ಚುಚ್ಚಿ ಎರಡು ಹೆಬ್ಬೆರಳಲ್ಲಿ ಹಿಂಡಿದ್ರೆ ಜೋನಿ ಬೆಲ್ಲದ ಥರ ಕಪ್ಪು, ಅಂಟು ರಕ್ತ ಹೊರಗೆ ಬರುತ್ತೆ. ನೋವು ಅವತ್ತೇ ಅರ್ಧ ಇಳಿಯುತ್ತೆ.

ಕಲೆ ಅಂದ್ರೆ ಆ ರಕ್ತದ ಕಬ್ಬಿಣ ಚರ್ಮದಲ್ಲಿ ಕೂತದ್ದು. ಹತ್ತರಲ್ಲಿ ಒಬ್ಬರಿಂದ ಮೂವರಿಗೆ ಆಗುತ್ತೆ, ನಮ್ಮ ಮೈಬಣ್ಣಕ್ಕೆ ಎದ್ದು ಕಾಣುತ್ತೆ. ಆರು ತಿಂಗಳಿಂದ ವರ್ಷದೊಳಗೆ ಹೆಚ್ಚಿನವರಲ್ಲಿ ಮಾಸುತ್ತೆ, ಕೆಲವರಲ್ಲಿ ಉಳಿಯುತ್ತೆ. ಬಿಳಿ ಮಾಡೋ ಕ್ರೀಮ್ ಹಚ್ಚಿ ಪ್ರಯೋಜನ ಇಲ್ಲ, ಅದು ಮೆಲನಿನ್ ಅಲ್ಲ. ಮೊಡವೆಗೆ ಮಿನೋಸೈಕ್ಲಿನ್ ನುಂಗ್ತಿದ್ದಾರಾ ಅಂತ ಮೊದಲೇ ಕೇಳಿ, ಅದು ಕಲೆಯನ್ನ ನೀಲಿಗಪ್ಪು ಮಾಡುತ್ತೆ.

ಮ್ಯಾಟಿಂಗ್ ಬೇರೆ. ಹಾಕಿದ ಜಾಗದ ಸುತ್ತ ತೀರಾ ಸಣ್ಣ ಕೆಂಪು ಎಳೆಗಳ ಮಬ್ಬು. ರಭಸವಾಗಿ ಒತ್ತಿದ್ದು, ಸಾಂದ್ರತೆ ಹೆಚ್ಚಾಗಿದ್ದು, ಒಂದೇ ಕಡೆ ಔಷಧಿ ಸುರಿದದ್ದು, ಮೂಲದ ರೆಟಿಕ್ಯುಲರ್ ಬಿಟ್ಟದ್ದು, ಈಸ್ಟ್ರೋಜನ್ ಮಾತ್ರೆ. ಮೂರರಿಂದ ಹನ್ನೆರಡು ತಿಂಗಳಲ್ಲಿ ಹೆಚ್ಚಿನದು ತಾನೇ ಹೋಗುತ್ತೆ. ಗಾಬರಿಗೆ ಮತ್ತೆ ಮತ್ತೆ ಚುಚ್ಚಿದ್ರೆ ಇನ್ನೂ ಹರಡುತ್ತೆ.

ಮೊದಲ ದಿನವೇ ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ ಫೋಟೋ ತೆಗೆದಿಡಿ. ಆರು ವಾರಕ್ಕೆ ಮತ್ತೆ ತೆಗೀರಿ. ಮುಂಚೆ ಹೇಗಿತ್ತು ಅಂತ ಯಾರಿಗೂ ನೆನಪಿರಲ್ಲ.

ಕಾಲುದಾರಿ
ಇಲ್ಲಿ ಎಲ್ಲ ಅಂದದ ಮಾತೇ ಆಯ್ತು. ಹೊಲದಲ್ಲಿ, ಹೋಟೆಲ್ ಅಡುಗೆಮನೆಯಲ್ಲಿ, ಮಗ್ಗದ ಮುಂದೆ ನಿಲ್ಲೋರ ಹರಡಿನ ಹುಣ್ಣಿನ ಬಗ್ಗೆ ಮಾತಾಡಿ. ವರ್ಷಗಟ್ಟಲೆ ಮುಲಾಮು, ಆಂಟಿಬಯೋಟಿಕ್, ಡ್ರೆಸ್ಸಿಂಗ್. ಒಬ್ಬರೂ ನಾಳ ನೋಡಿರಲ್ಲ. ಬ್ರಿಟನ್ನಿನ ಎವ್ರಾ ಅಧ್ಯಯನ 2018ರಲ್ಲಿ ಬಂತು, 450 ಜನ ಹುಣ್ಣಿನ ರೋಗಿಗಳು. ನಾಳವನ್ನ ಬೇಗ ಮುಚ್ಚಿದವರಿಗೆ ಹುಣ್ಣು ಮಾಯೋಕೆ 56 ದಿನ, ಪಟ್ಟಿ ಕಟ್ಟಿ ಕಾದವರಿಗೆ 82 ದಿನ. ಇಬ್ಬರಿಗೂ ಪಟ್ಟಿ ಇತ್ತು, ವ್ಯತ್ಯಾಸ ನಾಳ ಬೇಗ ಮುಚ್ಚಿದ್ದು. ಅನಸ್ತೇಸಿಯಾಕ್ಕೆ ಆಗದ ವಯಸ್ಸಾದವರಿಗೆ ಹುಣ್ಣಿನ ಅಡಿಯ ನಾಳಕ್ಕೆ ಸ್ಕ್ಯಾನ್ ನೋಡ್ಕೊಂಡು ಫೋಮ್ ಹಾಕೋದು ಅರ್ಧ ಗಂಟೆ ಕೆಲಸ. ಸೂಜಿಯ ನಿಜವಾದ ಬೆಲೆ ಇರೋದು ಅಲ್ಲಿ.

ಡಾಪ್ಲರ್_ಕೋಣೆ
@ಕಾಲುದಾರಿ ಇದನ್ನ ಎಲ್ಲಕ್ಕಿಂತ ಮೇಲೆ ಹಾಕ್ಬೇಕಿತ್ತು.

ನೊರೆಹಾಲು
ಒಪ್ಪಿದೆ, ಆದ್ರೆ ಫೋಮ್‌ನ ಮಿತಿಯನ್ನೂ ಹೇಳಿ. ಸಫೀನಸ್ ಕಾಂಡ ಆರು ಮಿ.ಮೀ.ಗಿಂತ ದಪ್ಪ ಇದ್ರೆ ಫೋಮ್ ಹಾಕಿದ್ದು ಮತ್ತೆ ತೆರೆದುಕೊಳ್ಳೋದು ಜಾಸ್ತಿ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ 2013ರಲ್ಲೇ ಸಾಲು ಹಾಕಿದೆ: ಮೊದಲು ಶಾಖದಿಂದ ನಾಳ ಮುಚ್ಚೋ ಲೇಸರ್ ಅಥವಾ ರೇಡಿಯೋಫ್ರೀಕ್ವೆನ್ಸಿ, ಅದು ಹೊಂದದಿದ್ದರೆ ಫೋಮ್, ಅದೂ ಆಗದಿದ್ದರೆ ಆಪರೇಷನ್. ಸುಮಾರು 800 ಜನರ "ಕ್ಲಾಸ್" ಹೆಸರಿನ ಅಧ್ಯಯನದ ಐದು ವರ್ಷದ ಫಲಿತಾಂಶ 2019ರಲ್ಲಿ ಬಂದಾಗಲೂ ಲೇಸರ್, ಆಪರೇಷನ್ ಆದವರ ಸ್ಥಿತಿ ಫೋಮ್ ಆದವರಿಗಿಂತ ಚೆನ್ನಾಗಿತ್ತು. ಕಾಂಡಕ್ಕೆ ಶಾಖ, ಕೊಂಬೆಗೆ ನೊರೆ, ಎಳೆಗೆ ದ್ರವ.

ಬಯಲುಸೀಮೆ
ಶಾಖದ ಯಂತ್ರ ಇರೋದು ದೊಡ್ಡ ಊರಲ್ಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ಸಿರಿಂಜ್, ಒಂದು ಸ್ಟಾಪ್‌ಕಾಕ್, ಒಂದು ಸ್ಕ್ಯಾನ್ ಯಂತ್ರ ಇದ್ರೆ ಫೋಮ್ ಆಗುತ್ತೆ. ಎರಡು ಸಲ ಮಾಡ್ಬೇಕಾದ್ರೂ ಪರವಾಗಿಲ್ಲ, ಹುಣ್ಣು ಮಾಯಲಿ.

ಕಾಲುದಾರಿ
ಅದೇ ನಾನೂ ಹೇಳೋದು.

ಸೂಜಿಮೊನೆ
ಮೂರಕ್ಕೂ ಉತ್ತರ ಸಿಕ್ಕಿತು. ಕೊನೆಯದಾಗಿ, ಟ್ರೇ ಪಕ್ಕ ತುರ್ತಿಗೆ ಏನೇನು ಇರಬೇಕು? ಮನೆಗೆ ಕಳಿಸುವಾಗ ಏನು ಬರೆದುಕೊಡಬೇಕು?

ಪಟ್ಟಿಕಟ್ಟು
ತೀವ್ರ ಅಲರ್ಜಿಗೆ ಅಡ್ರಿನಲಿನ್ 1 ಮಿ.ಲೀ.ಗೆ 1 ಮಿ.ಗ್ರಾಂ.ನದು, ದೊಡ್ಡವರಿಗೆ 0.5 ಮಿ.ಲೀ. ತೊಡೆಯ ಹೊರಭಾಗದ ಸ್ನಾಯುವಿಗೆ, ಅದು ಎಳೆದಿಟ್ಟೇ ಇರಲಿ ಅಂತಲ್ಲ, ಆಂಪೂಲ್ ಮತ್ತೆ ಸಿರಿಂಜ್ ಕೈಗೆ ಸಿಗೋ ಹಾಗಿರಲಿ. ಆಕ್ಸಿಜನ್, ಸಲೈನ್ ಬಾಟ್ಲಿ, ದೊಡ್ಡ ಸೂಜಿ. ಅಲರ್ಜಿ ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲೇ ಬರೋದು. ಹಾಗಾಗಿ ಸ್ಟಾಕಿಂಗ್ ಹಾಕಿಸಿ ಅರ್ಧ ಗಂಟೆ ಆಸ್ಪತ್ರೆ ಕಾರಿಡಾರ್‌ನಲ್ಲೇ ನಡೆಸಿ, ಎರಡೂ ಕೆಲಸ ಆಗುತ್ತೆ.

ತುಂಗಾತೀರ
ಒಂದು ಸೇರಿಸ್ತೀನಿ. ಚುಚ್ಚುವಾಗಲೇ ಪಾದದವರೆಗೆ ಸಿಡಿಯೋ ವಿಪರೀತ ನೋವು ಅಂದ್ರೆ ಧಮನಿಗೆ ಹೋಗಿರಬಹುದು. ಒಳ ಹರಡಿನ ಹಿಂದೆ, ಮಂಡಿ ಹಿಂದೆ, ತೊಡೆಸಂದಿ, ಈ ಮೂರು ಕಡೆ ಹೆಚ್ಚು. ತಕ್ಷಣ ನಿಲ್ಲಿಸಿ, ಸೂಜಿ ತೆಗೆಯಬೇಡಿ, ಅದೇ ಸೂಜಿಯಿಂದ ಎಷ್ಟು ಸಾಧ್ಯವೋ ಅಷ್ಟು ವಾಪಸ್ ಎಳೆಯಿರಿ, ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಶುರು ಮಾಡಿ ರಕ್ತನಾಳದ ಸರ್ಜನ್ ಇರೋ ಕಡೆ ಅವತ್ತೇ ಕಳಿಸಿ. ನಾಳೆ ನೋಡೋಣ ಅಂದ್ರೆ ಬೆರಳುಗಳು ಹೋಗ್ತವೆ.

ಪಟ್ಟಿಕಟ್ಟು
ಮನೆಗೆ ಕಳಿಸೋ ಚೀಟಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ: ದಿನಾ ಅರ್ಧ ಗಂಟೆ ನಡೀರಿ. ಎರಡು ವಾರ ಬಿಸಿನೀರಿನ ಸ್ನಾನ, ಎಣ್ಣೆ ನೀವೋದು, ಭಾರ ಎತ್ತೋದು ಬೇಡ. ನೋವಿಗೆ ಪ್ಯಾರಾಸಿಟಮಾಲ್. ಒಂದು ಕಾಲು ಮಾತ್ರ ಪೂರ್ತಿ ಊದಿ ಮೀನಖಂಡ ಬಿಗಿದ್ರೆ, ಉಸಿರು ಕಟ್ಟಿದ್ರೆ, ಎದೆ ನೋವು ಬಂದ್ರೆ, ಮಾತು ತೊದಲಿದ್ರೆ ರಾತ್ರಿ ಹನ್ನೆರಡಾದ್ರೂ ಆಸ್ಪತ್ರೆಗೆ ಬನ್ನಿ. ಕೆಳಗೆ ಹಾಕಿದ ಔಷಧಿ ಹೆಸರು, ಶೇಕಡಾ, ಒಟ್ಟು ಮಿ.ಲೀ. ಬರೆದು ಸಹಿ. ಬೇರೆ ಆಸ್ಪತ್ರೆಗೆ ಹೋದ್ರೆ ಅಲ್ಲಿನವರು ಮೊದಲು ಕೇಳೋದೇ ಅದು.

ಕಂಪೌಂಡರ್_ಮಾವ
ಚೀಟಿ ಪ್ರಿಂಟ್ ಹಾಕಿಸ್ತೀನಿ. "ಹಾಕಿದ ಕಾಲು: ಎಡ / ಬಲ" ಅಂತ ಒಂದು ಸಾಲು ಸೇರಿಸಲಾ?

ಪಟ್ಟಿಕಟ್ಟು
ಸೇರಿಸಿ ಮಾವ. ತೊಡೆಯೋ, ಮೀನಖಂಡವೋ, ಹರಡೋ ಅನ್ನೋದೂ ಇರಲಿ.